ಆಳೆತ್ತರದ ಮೇಣದ ಬತ್ತಿ

ನಮ್ಮ ಅಪ್ಪನ ಎತ್ತರ ಐದಡಿ ನಾಲ್ಕಂಗುಲ ಎಂದು ನನಗೆ ಗೊತ್ತಾದದ್ದು ಹೊನ್ನಾವರದ ಒಂದು ಮೇಣದ ಬತ್ತಿ ಅಂಗಡಿಯಲ್ಲಿ. ಅಂಗಡಿಯ ಬಾಯಮ್ಮ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಳೆದಳು.

"ಚಪ್ಪಲಿ ತೆಗೀರಿ. ಮುಂಡಾಸೂ ಬಿಚ್ಚಿ. ಹರಕೆ ಹೊತ್ತದ್ದು ನೀವು, ಮುಂಡಾಸಲ್ಲ."

ಆಳೆತ್ತರದ ಬತ್ತಿಯ ಹರಕೆ ನಮ್ಮ ಕಡಲ ಬದಿಗೆ ಹೊಸತಲ್ಲ. ನಮ್ಮದು ಶರಾವತಿ ಅಳಿವೆಯ ಪಕ್ಕದ ಮೀನುಗಾರರ ಕೇರಿ. ಮನೆದೇವರು ಬೇರೆಯೇ ಇದ್ದರೂ ಕಷ್ಟ ಬಂದಾಗ ಕ್ರೈಸ್ತರ ಇಗರ್ಜಿಯ ಮಾತೆಗೂ ಒಂದು ಮಾತು ಹೇಳಿಡುವುದು ವಾಡಿಕೆ. ಒಬ್ಬರು ಬಾಗಿಲು ತೆಗೆಯದಿದ್ದರೆ ಇನ್ನೊಬ್ಬರಾದರೂ ತೆಗೆದಾರು ಎಂಬ ನಂಬಿಕೆ. ತೊಂದರೆ ಬೇರೆಯೇ ಇತ್ತು. ಯಾವ ಇಗರ್ಜಿಗೆ ಹರಕೆ ಹೊತ್ತಿದ್ದೇನೆಂಬುದು ಅಪ್ಪನಿಗೇ ಗೊತ್ತಿರಲಿಲ್ಲ.

ಆದದ್ದಿಷ್ಟು. ಮೀನಿಗೆ ಹೋದ ದೋಣಿಯ ಎಂಜಿನ್ ಕೆಟ್ಟು, ರಾತ್ರಿಯಿಡೀ ನೀರು ಎಳೆದತ್ತ ಅಪ್ಪ ತೇಲಿದ್ದ. ಜೊತೆಗಿದ್ದ ಚಿಕ್ಕಪ್ಪ ವಾಂತಿ ಮಾಡಿಕೊಳ್ಳುತ್ತ ಮಲಗಿಬಿಟ್ಟಿದ್ದ. ಬೆಳಗಿನ ಜಾವ ದಟ್ಟ ಮಂಜಿನ ಮೇಲೆ ಒಂದು ಶಿಲುಬೆ ಮಾತ್ರ ಕಂಡಿತಂತೆ. ದಡವಿಲ್ಲ, ಮರವಿಲ್ಲ, ಬರೀ ಶಿಲುಬೆ. ಅಪ್ಪ ಕೈಮುಗಿದು ಆಳೆತ್ತರದ ಬತ್ತಿ ಹೇಳಿಕೊಂಡ. ಮಂಜು ಅದನ್ನೂ ಮುಚ್ಚಿತು. ಅಷ್ಟರಲ್ಲಿ ಮಲ್ಪೆ ಕಡೆಯ ಒಂದು ಬೋಟು ಬಂದು ಇವರನ್ನು ಬಂದರಿಗೆ ಎಳೆದು ತಂದು ಬಿಟ್ಟು ಹೋಯಿತು. ಎಲ್ಲಿದ್ದೆವು ಎಂದು ಕೇಳೋಣವೆಂದರೆ ಆ ಬೋಟಿನವರು ಮತ್ತೆ ಸಿಗಲಿಲ್ಲ. ಕುಮಟೆಯೋ ಭಟ್ಕಳವೋ ದೇವರೇ ಬಲ್ಲ. ಯಾವ ದೇವರು ಎಂಬುದೇ ಪ್ರಶ್ನೆ.

ಹರಕೆ ತೀರಿಸದೆ ಕಡಲಿಗೆ ಇಳಿಯುವುದಿಲ್ಲ ಎಂದು ಅಪ್ಪ ಮನೆಯಲ್ಲಿ ಕೂತ. ಕೂತವನು ಸುಮ್ಮನಿದ್ದಾನೆಯೇ? ಅವ್ವನ ಸಾರಿಗೆ ಹುಳಿ ಹೆಚ್ಚಾಯಿತು ಎಂದ. ನನ್ನ ಬಿ.ಎ. ಪುಸ್ತಕಗಳನ್ನು ತಿರುವಿ ಇದರಲ್ಲಿ ಮೀನಿನ ವಿಷಯವೇ ಇಲ್ಲವಲ್ಲ ಎಂದ. ಅಂಗಳದಲ್ಲಿ ತಲೆ ಒಣಗಿ ಹೋದ ತೆಂಗಿನ ಮರವೊಂದಿತ್ತು. ಅದರ ತುದಿಗೆ ನಮ್ಮ ಟೀವಿಯ ಆಂಟೆನಾ ಕಟ್ಟಿದ್ದೆವು. ಕಾಗೆಗಳು ಕೂತು ಕೂತು ಅದರ ಕಡ್ಡಿಗಳೆಲ್ಲ ಉದುರಿ ಒಂದೇ ಉಳಿದಿತ್ತು. ಆ ಒಂದು ಕಡ್ಡಿಯ ದಯೆಯಿಂದ ವಾರ್ತೆ ಓದುವವಳು ನಮ್ಮ ಟೀವಿಯಲ್ಲಿ ಅವಳಿ ಜವಳಿಯಾಗಿ ಬರುತ್ತಿದ್ದಳು. ಅಪ್ಪ ದಿನಕ್ಕೆರಡು ಸಲ ಆ ಮರ ಹತ್ತಿ ತಿರುಗಿಸತೊಡಗಿದ.

"ಕಡಲಿಗೆ ಹೋಗೂಕೆ ಆಗೂದಿಲ್ಲ, ಮರ ಹತ್ತೂಕೆ ಆತದೆ," ಎಂದು ಅವ್ವ ಕೆಳಗಿನಿಂದ ಕೂಗುತ್ತಿದ್ದಳು. ಅವಳು ಬೇರೆಯವರ ದೋಣಿಯ ಮೀನು ಕೊಂಡು ತಲೆಯ ಮೇಲೆ ಹೊತ್ತು ಮಾರಿ ಮನೆ ನಡೆಸುತ್ತಿದ್ದಳು. ಎಷ್ಟು ದಿನ ಹಾಗೆ ನಡೆದೀತು? ಕೊನೆಗೆ ಅವಳೇ ತೀರ್ಮಾನ ಕೊಟ್ಟಳು. ಇರುವ ಇಗರ್ಜಿಗಳನ್ನೆಲ್ಲ ಸುತ್ತುವುದು. ಬೋರ್ಡು ಓದಲು ಮಗಳು ನಾನು ಜೊತೆಗೆ.

ಹಾಗಾಗಿ ನಮ್ಮ ಕರಾವಳಿಯ ಕ್ರೈಸ್ತರ ಚರಿತ್ರೆಯನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ಮೂರು ಭಾನುವಾರ, ಅವ್ವನ ಹಳೆ ಸೀರೆ ಸುತ್ತಿದ ಬತ್ತಿಯ ಒಂದು ತುದಿಯನ್ನು ಹೆಗಲ ಮೇಲೆ ಹೊತ್ತು ಕಲಿತೆ. ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಸೀರೆಯನ್ನೂ ಉದ್ದವನ್ನೂ ನೋಡಿ, "ಇದು ಯಾರು?" ಎಂದ. ಅಪ್ಪ ಗಂಭೀರವಾಗಿ, "ನಾನೇ," ಎಂದ.

ಹೊನ್ನಾವರದ ಇಗರ್ಜಿಯ ಪಾದ್ರಿ ಒಳ್ಳೆಯವರು. ಕಾಳುಮೆಣಸಿಗೆ ಬಂದ ಪೋರ್ಚುಗೀಸರ ಹಡಗು, ಗೋವೆಯಿಂದ ಇಳಿದು ಬಂದ ಕೊಂಕಣಿ ಮನೆಗಳು, ಎಲ್ಲ ಹೇಳಿ, ಬತ್ತಿಯನ್ನು ಎಲ್ಲಿ ಹಚ್ಚಿದರೂ ಸಲ್ಲುತ್ತದೆ ಎಂದರು. ಅಪ್ಪ ಮಾಡಿನ ಮೇಲಿನ ಶಿಲುಬೆ ನೋಡಿ ತಲೆಯಾಡಿಸಿದ. "ಇದಲ್ಲ. ಅದು ಇಷ್ಟು ಚಂದ ಇರಲಿಲ್ಲ. ಒಂದು ಬದಿಗೆ ವಾಲಿತ್ತು."

ಕುಮಟೆಯಲ್ಲಿ ಪ್ರೊಟೆಸ್ಟೆಂಟರ ಸಣ್ಣ ದೇವಾಲಯ. ಅದನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟರು ಜರ್ಮನ್ ಪಾದ್ರಿಗಳ ಕಾಲದಿಂದ ಶುರು ಮಾಡಿದರು. ಅವರ ಕನ್ನಡ ಎಷ್ಟು ಶುದ್ಧವೆಂದರೆ ಅಪ್ಪ ಎರಡು ಸಲ ನನ್ನತ್ತ ತಿರುಗಿ ಅರ್ಥ ಕೇಳಿದ. ಒಳಗೆ ಮೂರ್ತಿ ಇರಲಿಲ್ಲ, ಹರಕೆಯೂ ಇಲ್ಲ ಎಂದರು.

"ಹರಕೆ ಇಲ್ಲದೆ ನಿಮ್ಮವರು ಕಡಲಿಗೆ ಹ್ಯಾಂಗೆ ಹೋಗ್ತ್ರು?" ಅಪ್ಪ ಗಾಬರಿಯಾದ.

"ನಮ್ಮವರು ಹೆಚ್ಚಾಗಿ ಮೇಷ್ಟರುಗಳು. ಕಡಲಿಗೆ ಹೋಗುವುದಿಲ್ಲ."

"ಹಾಂಗಾರೆ ಅಡ್ಡಿಲ್ಲ," ಎಂದು ಅಪ್ಪ ಉಸಿರು ಬಿಟ್ಟ.

ಭಟ್ಕಳದ ಕಡೆ ಗುಡ್ಡದ ಮೇಲೆ ಕೇರಳದಿಂದ ಬಂದು ರಬ್ಬರ್ ಹಾಕಿದವರ ಚರ್ಚು ಇತ್ತು. ಅಚ್ಚನ್ ಎಂದು ಕರೆಯುವ ಅಲ್ಲಿನ ಪಾದ್ರಿಯ ಉದ್ದ ಗಡ್ಡ, ಕಪ್ಪು ಟೋಪಿ ಕಂಡದ್ದೇ ಅಪ್ಪ, "ಸಲಾಂ ಸಾಹೇಬ್ರೆ," ಎಂದುಬಿಟ್ಟ. ನನಗೆ ನೆಲ ಬಿರಿಯಬಾರದೇ ಎನಿಸಿತು. ಅವರು ನಕ್ಕು ಸಲಾಂ ಹಿಂದಿರುಗಿಸಿ, ಬೇಯಿಸಿದ ಮರಗೆಣಸು ತರಿಸಿದರು. ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಮೊದಲಿನಿಂದ ತಾವು ಕ್ರೈಸ್ತರು ಎಂದರು. ಎಲ್ಲರಿಗಿಂತ ಹಳಬರು ನಮ್ಮ ಕಡೆಗೆ ಎಲ್ಲರಿಗಿಂತ ತಡವಾಗಿ ಬಂದಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಅಲ್ಲಿಂದ ಕಡಲೇ ಕಾಣುತ್ತಿರಲಿಲ್ಲ. ಅಪ್ಪ ಮರಗೆಣಸು ತಿಂದು, "ಇದಲ್ಲ," ಎಂದ. ಪೇಟೆಯ ಅಂಗಡಿಯೊಂದರ ಮಾಳಿಗೆಯಲ್ಲಿ ಡ್ರಮ್ಮು ಬಾರಿಸಿ ಪ್ರಾರ್ಥಿಸುವವರೂ ಸಿಕ್ಕರು. ಅಲ್ಲಿ ಶಿಲುಬೆಯೇ ಇರಲಿಲ್ಲ. ಅಪ್ಪನ ತಲೆಯ ಮೇಲೆ ಕೈಯಿಟ್ಟು ಅವರು ಅರ್ಧ ಗಂಟೆ ಪ್ರಾರ್ಥಿಸಿದರು. ಹೊರಗೆ ಬಂದ ಅಪ್ಪ, ದೇವರಿಗೆ ಕಿವಿ ಕೇಳುತ್ತದೆ ಎಂದು ಇವರಿಗೆ ಯಾರೂ ಹೇಳಿಲ್ಲವೇ ಎಂದು ಕೇಳಿದ.

ಮೂರನೆಯ ಭಾನುವಾರದ ಹೊತ್ತಿಗೆ ಬತ್ತಿ ಬಿಸಿಲಿಗೆ ಸೊಂಟದ ಕೆಳಗೆ ಬಾಗಿತ್ತು. ನನ್ನ ತಾಳ್ಮೆಯೂ ಮುಗಿದಿತ್ತು. ಕೆಲಸಕ್ಕೆ ಹೋಗದಿರಲು ನೆವ ಹುಡುಕುತ್ತಿದ್ದಾನೆ ಎಂದೇ ನಾನು ತಿಳಿದಿದ್ದೆ.

ಭಟ್ಕಳದಾಚೆ ಮರಳ ಮೇಲೆ ಒಂದು ಪುಟ್ಟ ಇಗರ್ಜಿ. ಅಲ್ಲಿ ಗಂಟೆ ಬಾರಿಸುವ ಅಜ್ಜ ಬಲೆ ಹೆಣೆಯುತ್ತ ಕೂತಿದ್ದ. ಅಪ್ಪನ ಕಥೆ ಪೂರ್ತಿ ಕೇಳಿ, "ಇದೇ," ಎಂದ.

"ಅದು ವಾಲಿತ್ತು ಅಜ್ಜ."

"ಆಗ ವಾಲಿತ್ತು. ಮೊನ್ನೆ ಸರಿ ಮಾಡಿದ್ದು."

ಅಪ್ಪ ಒಳಗೆ ಹೋದ. ಅಜ್ಜ ನನ್ನತ್ತ ಬಗ್ಗಿ, "ಸರಿಯೂ ಮಾಡ್ಲಿಲ್ಲ, ಎಂತದೂ ಇಲ್ಲ. ಹೀಂಗೆ ಕೇಳ್ಕಂಡು ಬಂದವರಿಗೆಲ್ಲ ನಾನು ಇದೇ ಅಂತ ಹೇಳೂದು. ಹೆದರಿದವನಿಗೆ ಮುಂದಿನ ಇಗರ್ಜಿಗೆ ಹೋಗು ಅನ್ನೂದಾ ತಂಗಿ?" ಎಂದ.

ಒಳಗೆ ನೋಡಿದೆ. ಅಪ್ಪನಿಗೆ ಬೆಂಕಿಕಡ್ಡಿ ಗೀರಲು ಆಗುತ್ತಿರಲಿಲ್ಲ. ಕಾಲ ಬಳಿ ಮುರಿದ ಕಡ್ಡಿಗಳು ಬಿದ್ದಿದ್ದವು. ಮೂರು ವಾರದಿಂದ ಅವನು ಹುಡುಕುತ್ತಿದ್ದದ್ದು ನೆವವನ್ನಲ್ಲ ಎಂದು ಆಗ ತಿಳಿಯಿತು. ನನಗೆ ನಾಚಿಕೆಯಾಯಿತು. ಹೋಗಿ ನಾನೇ ಕಡ್ಡಿ ಗೀರಿ ಕೊಟ್ಟೆ. ಬಾಗಿದ ಬತ್ತಿ ನಿಲ್ಲುವುದಿಲ್ಲವೆಂದು ಅಜ್ಜ ಕೆಳಗಿನ ಗೇಣುದ್ದವನ್ನು ಕತ್ತರಿಸಿ ವಾಪಸು ಕೊಟ್ಟ. "ಕರೆಂಟು ಹೋದಾಗ ಆತದೆ," ಎಂದ.

ಮರುದಿನ ಬೆಳಗ್ಗೆ ಅಪ್ಪ ಕಡಲಿಗೆ ಇಳಿದ. ಮಧ್ಯಾಹ್ನ ಬುಟ್ಟಿ ತುಂಬ ಬಂಗುಡೆ ತಂದು ಇಳಿಸಿದವನೇ ಆ ಬತ್ತಿಯ ತುಂಡು ಎಲ್ಲಿ ಎಂದು ಕೇಳಿದ. ತಂದು ಅಂಗಳದ ಒಣ ತೆಂಗಿನ ಬುಡಕ್ಕೆ ಹಚ್ಚಿಟ್ಟು ಕೈಮುಗಿದ.

"ಉರಿ ಬಿಸಿಲಲ್ಲಿ ಬತ್ತಿ ಹಚ್ಚೂದಾ? ತಲೆ ಕೆಟ್ಟಿತಾ ಎಂತದು?" ಎಂದಳು ಅವ್ವ.

ಅಪ್ಪ ಬೆರಳು ಮೇಲೆ ತೋರಿಸಿದ. ಒಂದು ಪೈಪು, ಅಡ್ಡಕ್ಕೆ ಒಂದೇ ಕಡ್ಡಿ, ಒಂದು ಬದಿಗೆ ವಾಲಿದ್ದು. ಬೆಳಗ್ಗೆ ದೋಣಿಯಿಂದ ತಿರುಗಿ ನೋಡಿದಾಗ ಮಂಜಿನ ದಿನದ ಅದೇ ಶಿಲುಬೆ ಕಂಡಿತ್ತಂತೆ. ಇಡೀ ರಾತ್ರಿ ತೇಲಿ ಅವನು ಬಂದು ನಿಂತದ್ದು ನಮ್ಮ ಮನೆಯ ಎದುರಿಗೇ.

ಅವ್ವ ನಕ್ಕು ನಕ್ಕು ಬುಟ್ಟಿಯ ಪಕ್ಕ ಕೂತಳು. ನನಗೆ ನಗು ಬರಲಿಲ್ಲ. "ಅಪ್ಪಾ, ನೀನು ಬಾರದ ಆ ದಿನ ಅವ್ವ ಬೆಳಕು ಹರಿಯೂ ತನಕ ಈ ಮರ ಹಿಡ್ಕಂಡೇ ನಿಂತಿದ್ಲು," ಎಂದೆ.

ಅಪ್ಪ ಅವ್ವನತ್ತ ತಿರುಗಿದ. "ಹಾಂಗಾರೆ ಹರಕೆ ಇವಳಿಗೇ ಸಲ್ಲಬೇಕಾದ್ದು," ಎಂದ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಂಗುಡೆಗೆ ಕೈ ಹಾಕಿದಳು.

"ನಂಗೆ ಬತ್ತಿ ಬೇಡ. ಒಂದು ಒಳ್ಳೆ ಆಂಟೆನಾ ತನ್ನಿ."