ಊಟಕ್ಕೆ ಕರೆದಿದ್ದೆ

ಮಲಾಡ್‌ನ ನಮ್ಮ ಟ್ರಾವೆಲ್ ಆಫೀಸಿನಲ್ಲಿ ಹದಿನಾಲ್ಕು ಜನ. ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯವರು. ಉಳಿದವರು ಅವರ ಪರಿಚಯದ ಮರಾಠಿಗರು. ಕುರ್ಚಿ ಖಾಲಿಯಾದರೆ ಜಾಹೀರಾತಿಗಿಂತ ಮೊದಲು ಯಾರದೋ ತಂಗಿಯ ಮಗ ಬಂದಿರುತ್ತಾನೆ. ನಾನೂ ಹಾಗೇ ಬಂದವನು. ಸಂದರ್ಶನಕ್ಕೆ ಬಂದವರನ್ನು ಮಧ್ಯಾಹ್ನ ನಮ್ಮ ಜೊತೆ ಊಟಕ್ಕೆ ಕೂರಿಸುವುದು ನಮ್ಮಲ್ಲಿ ಪದ್ಧತಿ. ಡಬ್ಬಿ ಹಂಚಿಕೊಂಡು ತಿನ್ನುವಾಗಲೇ ಅವರು ನಮ್ಮವರು ಹೌದೋ ಅಲ್ಲವೋ ತೀರ್ಮಾನವಾಗಿಬಿಡುತ್ತದೆ.

ಎರಡು ವರ್ಷದ ಹಿಂದೆ, ಗ್ರಾಹಕರೊಡನೆ ಮಾತಾಡುವ ಮುಂಭಾಗದ ಮೇಜಿನ ಕೆಲಸಕ್ಕೆ ಹಳಿಯಾಳದ ಹುಡುಗಿಯೊಬ್ಬಳು ಅರ್ಜಿ ಹಾಕಿದ್ದಳು. ಫೋನಿನಲ್ಲಿ ಆಕೆಯ ಕನ್ನಡ ಕೇಳಿ ಖುಷಿಯಾಗಿ, "ಊಟಕ್ಕ ಇಲ್ಲೇ ಇರ್ರಿ, ಎಲ್ಲಾರೂ ಕೂಡಿ ತಿಂತೀವಿ" ಅಂದಿದ್ದೆ.

ಬಂದವಳು ಸಿದ್ದಿ ಸಮುದಾಯದವಳು. ಪೂರ್ವಜರು ಆಫ್ರಿಕಾದವರು; ಆದರೆ ಎಷ್ಟೋ ತಲೆಮಾರಿನಿಂದ ನಮ್ಮದೇ ಜನ. ಇದನ್ನೆಲ್ಲ ಕಾಲೇಜಿನಲ್ಲಿ ಓದಿದ್ದೆ. ಆದರೂ ಬಾಗಿಲಲ್ಲಿ ಅವಳನ್ನು ಕಂಡಾಗ ನನ್ನ ಬಾಯಿಂದ ಬಂದದ್ದು ಇಂಗ್ಲಿಷ್.

ಆಕೆ ನಕ್ಕಳು. "ನಾನರೀ ಸರ, ಹಳಿಯಾಳದಾಕಿ. ಫೋನಿನ್ಯಾಗ ಮಾತಾಡಿದ್ವೆಲ್ಲ?"

ಸಂದರ್ಶನ ಚೆನ್ನಾಗಿಯೇ ಆಯಿತು. ಹಿಂದಿ, ಮರಾಠಿ ಎರಡೂ ಸಲೀಸು. ಇಬ್ಬರೂ ಹೊರಬಂದಾಗ ಬೆಳಗಾವಿಯ ಸಹೋದ್ಯೋಗಿ ನನ್ನ ಪಕ್ಕ ಬಂದು, "ಏನ್ರೀ, ಸೀದಾ ಆಫ್ರಿಕಾದಿಂದ ತರಿಸೀರೇನು? ಕಸ್ಟಮರ್ ಹೆದರ್ತಾರ ನೋಡ್ರಿ ಮತ್ತ" ಅಂದ.

ನಾನು ನಕ್ಕೆ. ಮುಗುಳ್ನಕ್ಕೆ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ನಗುವಿಗೆ ದನಿಯಿತ್ತು. ಆಕೆ ತಿರುಗಿ ನೋಡಿದ್ದಳು.

"ಇವತ್ತ ಊಟಕ್ಕ ಜರಾ ಗಡಬಡ ಐತಿ," ಆಕೆಗೆ ಅಂದೆ. "ನಾವ ಫೋನ್ ಮಾಡ್ತೀವಿ."

ಚೀಲದಿಂದ ಅರ್ಧ ಹೊರತೆಗೆದಿದ್ದ ಡಬ್ಬಿಯನ್ನು ಆಕೆ ಒಳಗೆ ತಳ್ಳಿದಳು. "ಆತ್ರಿ ಸರ."

ಕೆಲಸ ಆ ಸಹೋದ್ಯೋಗಿಯ ಸೋದರ ಸೊಸೆಗೆ ಹೋಯಿತು. ಮೊನ್ನೆ ಆ ದಿನದ ಡೈರಿ ತೆಗೆದು ನೋಡಿದೆ: ಸಂಜೆ ಮಾಟುಂಗದಲ್ಲಿ ದೋಸೆ ತಿಂದದ್ದು, ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದ್ದು. ಆಕೆಯ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ, ಆದರೆ ಇದು ಮರೆವಲ್ಲ. ಬೇಕೆಂದೇ ಬಿಟ್ಟದ್ದು.

ಡೈರಿ ತೆಗೆದದ್ದು ಆ ಮೇಜು ಮತ್ತೆ ಖಾಲಿಯಾಗಿದ್ದರಿಂದ. ಆಕೆಗೆ ಫೋನ್ ಮಾಡಿದೆ.

"ಅಂಧೇರಿಯೊಳಗ ಕೆಲಸ ಸಿಕ್ಕೈತ್ರಿ," ಅಂದಳು.

ತಡವರಿಸುತ್ತ ಕ್ಷಮೆ ಕೇಳಿದೆ.

"ಎಲ್ಲಾರೂ ಕೂಡಿ ತಿಂತೀವಿ ಅಂದಿದ್ರೆಲ್ಲ ಸರ, ಅದಕ್ಕ ಅವತ್ತ ರೊಟ್ಟಿ ಹೆಚ್ಚಿಗಿ ತಂದಿದ್ದೆ."

ಅವನ್ನು ಎಲ್ಲಿ ಕೂತು ತಿಂದಳೆಂದು ನಾನು ಕೇಳಲಿಲ್ಲ.