ಹಾಡಿನೊಳಗಿನ ಅತ್ತೆ

ಹಾಡು ಕಟ್ಟುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಆದರೆ ಗರಗದ ನೂಲುವ ಕೇಂದ್ರದಲ್ಲಿ ನನ್ನ ಪಕ್ಕದ ಚರಕ ರುಕ್ಮವ್ವನದು. ಕಿವಿ ಮುಚ್ಚಿಕೊಂಡು ಕೂರಲಾದೀತೇ? ಮದುವೆಯಾಗಿ ಊರಿಗೆ ಬಂದಾಗಿನಿಂದ ಆಕೆ ನೂಲುತ್ತಲೇ ಹಾಡು ಕಟ್ಟುತ್ತಾಳೆ. ಹೆಚ್ಚಿನವು ಅತ್ತೆಯನ್ನು ಬೈಯುವ ಹಾಡುಗಳು.

"ಅತ್ತಿ ಕೊಡೊ ರೊಟ್ಟಿ ಹುಣ್ಣಿಮಿ ಚಂದ್ರಾಮ, ದಿನಾ ಸವದು ಅಮಾಸಿ ಆತ" ಎಂದು ಆಕೆ ಎಳೆದರೆ ನಾವೆಲ್ಲ ದನಿ ಕೂಡಿಸುತ್ತಿದ್ದೆವು. ಅವಳ ಮನೆಯಲ್ಲಿ ರೊಟ್ಟಿಗೆ ಕೊರತೆಯಿಲ್ಲವೆಂದು ಎಲ್ಲರಿಗೂ ಗೊತ್ತು. ಹಾಡಿನ ಅತ್ತೆ ಯಾರ ಅತ್ತೆಯೂ ಅಲ್ಲ ಎಂದುಕೊಂಡಿದ್ದೆವು.

ಅವಳ ಅತ್ತೆ ಕಾಳವ್ವ ಹಾಗೆಂದುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಬುತ್ತಿ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

"ನಿನಗ ಎಂದ ನಾ ರೊಟ್ಟಿ ಕಡಿಮಿ ಹಾಕೇನಿ? ಊರಾಗ ನನ್ನ ಮಾನ ಕಳ್ಯಾಕತ್ತೀಯೇನು?"

"ಅತ್ತಿ, ಅದು ಬರೇ ಹಾಡ್ರಿ."

"ಬರೇ ಹಾಡು ಅನ್ನೂದು ಇರೂದಿಲ್ಲ. ಇನ್ನ ಖರೇ ಇದ್ದದ್ದಷ್ಟ ಹಾಡು. ಇಲ್ಲಾಂದ್ರ ಬಾಯಿ ಮುಚ್ಚು."

ಹಾಡದಿದ್ದರೆ ರುಕ್ಮವ್ವನ ಕೈ ಓಡುವುದಿಲ್ಲ. ಮರುದಿನ ಅತ್ತೆ ಹೇಳಿದಂತೆಯೇ ಹಾಡಿದಳು: ನಮ್ಮತ್ತೆ ಕಾಳವ್ವ ಬಿಸಿ ರೊಟ್ಟಿಗೆ ಬೆಣ್ಣೆ ಹಾಕುತ್ತಾಳೆ, ಜ್ವರ ಬಂದರೆ ಕಾಲು ಒತ್ತುತ್ತಾಳೆ. ಯಾರೂ ದನಿ ಕೂಡಿಸಲಿಲ್ಲ. ಚರಕಗಳು ಒಂದೊಂದಾಗಿ ನಿಂತವು. ನಾನಂತೂ ಆಕೆಯ ತೋಳಿನ ಮೇಲೆ ಬಾಸುಂಡೆ ಇದೆಯೇ ಎಂದು ನೋಡಿದೆ.

"ಹೊಡದಾಳೇನ ನಿಮ್ಮತ್ತಿ?" ಎಂದು ಎದುರು ಚರಕದ ಹಾಜರಾಬಿ ಮೆಲ್ಲಗೆ ಕೇಳಿದಳು.

ರುಕ್ಮವ್ವ ಇಲ್ಲ ಇಲ್ಲವೆಂದಷ್ಟೂ ನಮ್ಮ ಗುಮಾನಿ ಗಟ್ಟಿಯಾಯಿತು. ಸುಮ್ಮಸುಮ್ಮನೆ ಯಾರಾದರೂ ಅತ್ತೆಯನ್ನು ಇಷ್ಟು ಹೊಗಳುತ್ತಾರೆಯೇ? ಹಾಜರಾಬಿ ಮೊಬೈಲಿನಲ್ಲಿ ಹಿಡಿದಿಟ್ಟ ಹಾಡು ಊರೆಲ್ಲ ತಿರುಗಿತು. ಹಿಟ್ಟಿನ ಗಿರಣಿಯಲ್ಲಿ ಕಾಳವ್ವನನ್ನು ಕಂಡೊಡನೆ ಹೆಂಗಸರು ಮಾತು ನಿಲ್ಲಿಸತೊಡಗಿದರು.

ಆಕೆ ಮತ್ತೆ ಕೇಂದ್ರಕ್ಕೆ ಬಂದಾಗ ಜಗಳಕ್ಕೇ ಬಂದಳೆಂದು ನಾನು ಸೆರಗು ಬಿಗಿದೆ. ಕಾಳವ್ವ ಸೊಸೆಯ ಪಕ್ಕ ಕುಸಿದು ಕೂತಳು.

"ಮೊದಲಿನಂಗ ಬೈದ ಹಾಡವ್ವಾ."

"ನೀವ ಬ್ಯಾಡ ಅಂದಿದ್ರೆಲ್ಲರಿ, ಅತ್ತಿ. ಅಷ್ಟ್ಯಾಕ ಸಿಟ್ಟ ಬಂದಿತ್ತು?"

ಕಾಳವ್ವ ಸೊಸೆಯ ಚರಕದ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿದ್ದನ್ನು ಕಂಡು ನನಗೆ ನಾಚಿಕೆಯಾಯಿತು.

"ನಿನ್ನ ವಯಸ್ಸಿನ್ಯಾಗ ನಾನೂ ಬೀಸೋ ಕಲ್ಲಿನ ಮುಂದ ನಮ್ಮತ್ತಿನ್ನ ಹಿಂಗ ಬೈದ ಹಾಡ್ತಿದ್ದೆ. ಓಣ್ಯಾಗಿನವ್ರೆಲ್ಲಾ ನಕ್ಕೋತ ದನಿ ಕೂಡಸ್ತಿದ್ರು, ಬರೇ ಹಾಡು ಅಂತ. ಒಬ್ರೂ ನಂಬಲಿಲ್ಲವ್ವಾ. ನಾ ಖರೇನ ಹಸದಿದ್ದೆ."