ಅಬ್ಬಿ ನೀರಿಗೆ ನಲ್ಲಿ ಬೇಡ ಅಂದವನು

ಕೊಪ್ಪದಲ್ಲಿ ನನ್ನದೊಂದು ಪೈಪಿನ ಅಂಗಡಿ. ಗುಡ್ಡದಲ್ಲಿ ವರ್ಷವಿಡೀ ಜಿನುಗುವ ಒರತೆಗೆ ನಾವು ಅಬ್ಬಿ ಎನ್ನುತ್ತೇವೆ. ಅಲ್ಲಿಂದ ಮನೆಯಂಗಳದವರೆಗೆ ಕರೆಂಟಿಲ್ಲದೆ ನೀರು ಇಳಿಸುವ ಕಪ್ಪು ಪೈಪಿಗೆ ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದಲೂ ಜನ ಬರುತ್ತಾರೆ. ಪೈಪು ಕೊಟ್ಟು ಸುಮ್ಮನಿರುವ ಸ್ವಭಾವ ನನ್ನದಲ್ಲ. ಜೊತೆಗೆ ಬುದ್ಧಿಮಾತು ಪುಕ್ಕಟೆ.

'ತುದಿಗೆ ನಲ್ಲಿ ಹಾಕ್ಬೇಡಿ ಮಾರಾಯ್ರೆ. ನಿಲ್ಲಿಸಿದ್ರೆ ಒತ್ತಡಕ್ಕೆ ಜಾಯಿಂಟ್ ಬಿಡ್ತದೆ. ಅಬ್ಬಿ ನೀರಲ್ವಾ, ಹರ್ಕೊಂಡಿರ್ಲಿ.'

ಎಲ್ಲರ ಮನೆಯಲ್ಲೂ ಹಾಗೇ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇಂಥ ನಾನು ಹೊಳೆ ಉಳಿಸುವ ಸಮಿತಿಗೆ ಸೇರಿದೆ. ಕೇಂದ್ರ ಸರ್ಕಾರದ ದೊಡ್ಡ ಯೋಜನೆಯೊಂದು ನಮ್ಮ ಹೊಳೆಯನ್ನು ತಿರುಗಿಸಿ ದೂರಕ್ಕೆ ಒಯ್ಯುತ್ತದಂತೆ ಎಂಬ ಸುದ್ದಿ ಎದ್ದಿತ್ತು. ಅದರ ಬದಲು ಊರೂರಿನ ಕೆರೆಯ ಹೂಳು ತೆಗೆಸಿ, ಇಂಗುಗುಂಡಿ ತೋಡಿಸಿ, ಇರುವ ನೀರು ಪೋಲಾಗದಂತೆ ನೋಡಿಕೊಳ್ಳಿ ಎಂಬುದು ನಮ್ಮ ಅಹವಾಲು. ದನಿ ದೊಡ್ಡದೆಂದು ನನಗೇ ಮೈಕು ಕೊಟ್ಟರು. ಕೊಪ್ಪದ ಬಸ್‌ಸ್ಟ್ಯಾಂಡ್ ಎದುರು ನಿಂತು ಕೂಗಿದೆ: 'ನೀರು ಒಯ್ಯೋ ಮೊದ್ಲು ನಮ್ಮನ್ನ ಒಂದು ಮಾತು ಕೇಳಿದ್ರಾ?' ಚಪ್ಪಾಳೆಯೋ ಚಪ್ಪಾಳೆ. ಜಯಪುರದಲ್ಲೂ ಅದೇ ಮಾತು, ಅದೇ ಚಪ್ಪಾಳೆ. ನಾನು ಉಬ್ಬಿಹೋದದ್ದು ಸುಳ್ಳಲ್ಲ.

ಏಪ್ರಿಲ್‌ನಲ್ಲಿ ಸಹಿ ಸಂಗ್ರಹಿಸಲು ಕಿಗ್ಗದ ಕಡೆ ಹೋದೆ. ತೋಟದ ಕೂಲಿಗೆ ಹೋಗುವವರ ಏಳೆಂಟು ಮನೆಗಳು. ಮೊದಲ ಮನೆಯ ಹೆಂಗಸು, ನನ್ನ ಅಕ್ಕನ ವಯಸ್ಸಿನವರು, ಕೆಳಗೆ ಹಳ್ಳದಲ್ಲಿದ್ದರು. ಹಳ್ಳವೆಂದರೆ ಬರೀ ಕಲ್ಲು. ಮರಳಿನಲ್ಲಿ ಗುಂಡಿ ತೋಡಿ, ತೆಂಗಿನ ಗೆರಟೆಯಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದರು. ನಾನು ಭಾಷಣ ಶುರುಮಾಡಿದೆ. ಅವರು ಕೊನೆಯವರೆಗೂ ಕೇಳಿ, ಸೆರಗಿಗೆ ಕೈ ಒರೆಸಿಕೊಂಡು, ನಿಧಾನಕ್ಕೆ ಹಾಳೆಯ ಮೇಲೆ ಹೆಸರು ಬರೆದರು. ಆಮೇಲೆ ನನ್ನ ಮುಖ ನೋಡಿದರು.

'ಸಾಬ್ರೆ, ಆ ಮೇಲಿನ ಮನೆಗೆ ಪೈಪ್ ಎಳೆಸಿದ್ದು ನೀವೇ ಅಲ್ವಾ?'

'ಹೌದು.'

'ಆ ಅಬ್ಬಿ ನೀರೇ ಈ ಹಳ್ಳಕ್ಕೆ ಬರ್ತಿದ್ದದ್ದು. ಆರು ಬೇಸಿಗೆ ಆಯ್ತು. ಆವಾಗ ನಮ್ಮನ್ನ ಯಾರೂ ಒಂದು ಮಾತು ಕೇಳ್ಲಿಲ್ಲ.'

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿಯಾದರೂ ಬಚಾವಾಗುತ್ತಿದ್ದೆ. ಅವರು ಸುಮ್ಮನೆ ಹೇಳಿ ಮತ್ತೆ ಗುಂಡಿಗೆ ಬಗ್ಗಿದರು. ಆ ಹಾಳೆಯನ್ನು ಅಲ್ಲೇ ಹರಿದು ಹಾಕಬೇಕೆನ್ನಿಸಿತು.

ಮೇಲಿನ ಮನೆಗೆ ಹತ್ತಿದೆ. ಅಂಗಳದ ತೊಟ್ಟಿ ತುಂಬಿ ನೀರು ಆಚೆ ಕಡೆಯ ರಸ್ತೆ ಚರಂಡಿಗೆ ಹರಿಯುತ್ತಿತ್ತು. ಇಷ್ಟು ಪೋಲು ಯಾಕೆಂದು ಯಜಮಾನರ ಮೇಲೆ ಹರಿಹಾಯ್ದೆ. ನಾಚಿಕೆಯಾದಾಗೆಲ್ಲ ನನಗೆ ಬೇರೆಯವರ ಮೇಲೆ ಸಿಟ್ಟು ಬರುತ್ತದೆ. ಅವರು ಕಕ್ಕಾಬಿಕ್ಕಿಯಾದರು.

'ಎಂತ ಮಾರಾಯ್ರೆ! ನಲ್ಲಿ ಹಾಕುವಾ ಅಂತ ಹೇಳಿದ್ದು ನಾನು. ಬೇಡ ಅಂದವರು ನೀವು.'

ನೆನಪಾಯಿತು. ಅಂಗಡಿಯಲ್ಲಿ ಅವರು ನಲ್ಲಿ ಹಿಡಿದುಕೊಂಡೇ ನಿಂತಿದ್ದರು. ನಾನು ನಕ್ಕು ಅದನ್ನು ಕಿತ್ತುಕೊಂಡು ಡಬ್ಬಕ್ಕೆ ಹಾಕಿದ್ದೆ. ಗಟ್ಟಿ ಕ್ಲ್ಯಾಂಪ್ ಬಿಗಿದು, ತೊಟ್ಟಿ ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಕೂರಿಸಿದರೆ ಜಾಯಿಂಟ್ ಬಿಡುವುದಿಲ್ಲ. ಆಗಲೂ ನನಗದು ಗೊತ್ತಿತ್ತು. ಎಲ್ಲಾದರೂ ಬಿಟ್ಟರೆ ಗಿರಾಕಿ ಬಂದು ಕೂಗಾಡುತ್ತಾನೆ, ಆ ತಲೆನೋವು ಯಾರಿಗೆ ಬೇಕು ಎಂದುಕೊಂಡಿದ್ದೆ, ಅಷ್ಟೇ. ನಮಾಜಿಗೆ ಮೊದಲು ಕೈಕಾಲು ತೊಳೆದು ವುಜೂ ಮಾಡುವಾಗ ಒಂದು ಬೊಗಸೆ ಹೆಚ್ಚು ಚೆಲ್ಲಿದರೂ ಗದರುತ್ತಿದ್ದ ಅಪ್ಪನ ಮಗ ನಾನು.

ಮರುದಿನ ಸಾಮಾನು ಹೊತ್ತು ಹೋಗಿ ಜಾಯಿಂಟುಗಳನ್ನೆಲ್ಲ ಬಿಗಿದೆ, ವಾಲ್ವ್ ಕೂರಿಸಿದೆ. ತೊಟ್ಟಿ ತುಂಬಿತು, ವಾಲ್ವ್ ಮುಚ್ಚಿತು, ಗುಡ್ಡದ ಮೇಲೆ ಉಕ್ಕಿದ ಅಬ್ಬಿ ನೀರು ಹಳ್ಳಕ್ಕಿಳಿಯಿತು. ಒಣಕಲ್ಲುಗಳನ್ನು ತೋಯಿಸಿಕೊಂಡು ಆ ಮನೆಗಳ ಹತ್ತಿರ ಬರುವಾಗ ಸಂಜೆ. ಆ ಹೆಂಗಸು ದಡದಲ್ಲಿ ನಿಂತು ನೋಡುತ್ತಿದ್ದರು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಲೆಂದು ನಾನು ಕಾದಿದ್ದೆ. ಹೇಳಿಕೊಳ್ಳಲೂ ನಾಚಿಕೆ.

'ಒಂದು ದಿನದ ಕೆಲ್ಸವಾ ಇದು?' ಅಂದರು.

'ಅರ್ಧ ದಿನ,' ಅಂದೆ.

ಅವರು ಆರು ಬೇಸಿಗೆ ತೋಡಿದ ಆ ಗುಂಡಿಯತ್ತ ನೋಡಿದರು, ಆಮೇಲೆ ನನ್ನ ಕಡೆ.